ಇಟಲಿ ಪಿಟೀಲಿಗೆ ಬೇಗೂರಿನ ಅರಿಶಿನ

ಗುಂಡ್ಲುಪೇಟೆ ಕಡೆಯ ಬೇಗೂರಿಗೆ ಬಂದು ರಾಚಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುವುದಿಲ್ಲ. ಪಿಟೀಲು ಮೇಷ್ಟ್ರ ಮನೆ ಎನ್ನಬೇಕು. ಆಗ ಹೈವೇ ಪಕ್ಕದ ಟೀ ಅಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದು ದಾರಿ ತೋರಿಸುತ್ತಾನೆ. ಯಾರಾದರೂ ಮಾತು ಎಳೆದರೆ 'ಪಿಟೀಲು ಕುಯ್ಯಬೇಡ' ಎನ್ನುವ ಜನ ನಾವು. ಅಂಥ ಜನರ ನಡುವೆ ನಿಜವಾದ ಪಿಟೀಲು ಕುಯ್ದೇ ಒಬ್ಬ ಮನುಷ್ಯ ಮರ್ಯಾದೆ ಸಂಪಾದಿಸಿದ್ದಾರೆ ಎಂದರೆ ಸಣ್ಣ ಮಾತಲ್ಲ. ಅವರು ನನ್ನ ಭಾವ. ನನ್ನ ಅಕ್ಕ ಮಂಚಮ್ಮನ ಗಂಡ.

ಭಾವನಿಗೆ ಸ್ವಲ್ಪ ಜಮೀನಿದೆ, ಅರಿಶಿನ, ಬಾಳೆ ಹಾಕುತ್ತಾರೆ. ಹುಡುಗನಾಗಿದ್ದಾಗ ಊರಿಗೆ ಬಂದ ನಾಟಕದ ಕಂಪನಿಯೊಂದರ ಪಿಟೀಲು ವಾದಕರು ಕಾಯಿಲೆ ಬಿದ್ದು ಇಲ್ಲೇ ಉಳಿದುಬಿಟ್ಟರಂತೆ. ಅವರ ಸೇವೆ ಮಾಡುತ್ತಾ ಕಲಿತ ವಿದ್ಯೆ. ಆಮೇಲೆ ಸಂತೆಮರಹಳ್ಳಿಯಿಂದ ಗುಂಡ್ಲುಪೇಟೆಯವರೆಗೆ ಎಲ್ಲಿ ಪೌರಾಣಿಕ ನಾಟಕವಾದರೂ, ಮದುವೆಯಾದರೂ, ಭಜನೆಯಾದರೂ ಭಾವ ಇರಲೇಬೇಕು. ಅವರ ಪಿಟೀಲು ಕಾರ್ಖಾನೆಯದು. ಅದರ ಹೊಟ್ಟೆಗೆ ಒಂದು ಪುಟ್ಟ ಮೈಕು ಅಂಟಿಸಿದ್ದಾರೆ. ಮೈಕು ಜೋರಾಗಿದ್ದರೆ ಎಲ್ಲ ಸ್ವರವೂ ಸರಿ ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿತ್ತು.

ನಾನು ಲಕ್ಷ್ಮಿದೇವಿ, ಚಾಮರಾಜನಗರದ ಒಂದು ಸೊಸೈಟಿಯಲ್ಲಿ ಕೆಲಸ. ನಮ್ಮವರು ಬಸ್ ಕಂಡಕ್ಟರು. ಹಬ್ಬದಲ್ಲಿ ಊರಿಗೆಲ್ಲ ರಜ, ಅವರಿಗೆ ಮಾತ್ರ ಡ್ಯೂಟಿ. ಹಾಗಾಗಿ ದಸರಾಕ್ಕೆ ನಾನು ಅಕ್ಕನ ಮನೆಗೆ ಹೋಗಿಬಿಡುತ್ತೇನೆ. ಆ ಮನೆಯ ಒಂದು ರಿವಾಜು ನನಗೆ ಮೊದಲಿನಿಂದಲೂ ಮೈ ಉರಿಸುತ್ತದೆ. ಏನು ಕೆಟ್ಟರೂ ಅದಕ್ಕೆ ಅಕ್ಕನೇ ಕಾರಣ. ಭಾವ ಬಸ್ಸು ತಪ್ಪಿಸಿಕೊಂಡರೆ ಅಕ್ಕ ಕಾಫಿ ತಡ ಮಾಡಿದ್ದು. ನಾಟಕದಲ್ಲಿ ಶ್ರುತಿ ಕೆಟ್ಟರೆ ಅವರು ಹೊರಡುವಾಗ ಅಕ್ಕ ಎದುರು ಬಂದದ್ದು. ಅಕ್ಕ 'ಊಂ' ಅಂದು ಒಳಗೆ ಹೋಗುತ್ತಾಳೆ. ಭಾವ ಕೆಟ್ಟವರಲ್ಲ, ಹೊಡೆದವರಲ್ಲ, ಕುಡಿದವರಲ್ಲ. ತಪ್ಪು ತನ್ನದು ಎನ್ನುವ ಒಂದು ಮಾತು ಮಾತ್ರ ಅವರ ನಾಲಿಗೆ ಮೇಲೆ ಹೊರಳುವುದಿಲ್ಲ.

ಹೋದ ವರ್ಷ ನವರಾತ್ರಿಯಲ್ಲಿ ಬಿಂದುಶ್ರೀ ಬಂದಳು. ಬೇಗೂರಿನ ಶಾಲೆಯಲ್ಲಿದ್ದ ಟೀಚರೊಬ್ಬರ ಮಗಳು. ಲಂಗ ಹಾಕಿಕೊಂಡು ಇದೇ ಜಗಲಿಯಲ್ಲಿ ಕೂತು ಭಾವನಿಂದ ಮೊದಲ ಪಾಠ ಸರಳೆ ವರಸೆ ಕಲಿತವಳು. ಆಮೇಲೆ ಮೈಸೂರು, ಮದ್ರಾಸು ಎಂದು ದೊಡ್ಡ ದೊಡ್ಡವರ ಹತ್ತಿರ ಕಲಿತು ಈಗ ಹೊರದೇಶಗಳಲ್ಲಿ ಕಛೇರಿ ಮಾಡುತ್ತಾಳೆ. ಹಬ್ಬ ಕಳೆದ ಭಾನುವಾರ ಚಾಮರಾಜನಗರದಲ್ಲಿ ಅವಳ ಕಛೇರಿ ಇತ್ತು. ಕಾರಿನಿಂದ ಇಳಿದವಳೇ ಭಾವನ ಕಾಲಿಗೆ ಬಿದ್ದು, ಅಕ್ಕನ ಕಾಲಿಗೂ ಬಿದ್ದು, ಪೆಟ್ಟಿಗೆಯೊಂದನ್ನು ಚಾಪೆಯ ಮೇಲೆ ಇಟ್ಟಳು.

ಒಳಗಿದ್ದ ಪಿಟೀಲನ್ನು ಭಾವ ಬಗ್ಗಿ ನೋಡಿದರು. ಇಟಲಿಯ ಕ್ರೆಮೋನ ಎಂಬ ಊರಿನಲ್ಲಿ ಒಬ್ಬನೇ ಮುದುಕ ತಿಂಗಳುಗಟ್ಟಲೆ ಕೂತು ಕೈಯಲ್ಲೇ ಕೆತ್ತಿದ್ದಂತೆ. ಹಿಂಭಾಗದ ಮರದಲ್ಲಿ ಹುಲಿಯ ಮೈಮೇಲಿನ ಪಟ್ಟೆಗಳಂಥ ಗೆರೆಗಳಿದ್ದವು. ಆ ಕಡೆ ಈ ಕಡೆ ಆಡಿಸಿದರೆ ಗೆರೆಗಳೂ ಆಡುತ್ತಿದ್ದವು. ಎತ್ತಿ ನೋಡಿದೆ, ಖಾಲಿ ಬುಟ್ಟಿಯಷ್ಟು ಹಗುರ. ಬೆಲೆ ಎಷ್ಟಮ್ಮ ಎಂದು ನಾನು ಬಾಯಿ ತಪ್ಪಿ ಕೇಳಿಬಿಟ್ಟೆ. ಬಿಂದುಶ್ರೀ ನಕ್ಕಳು.

"ನುಡಿಸಿ ಮೇಷ್ಟ್ರೇ," ಎಂದಳು.

ಭಾವ ಕಮಾನು ಹಿಡಿದು ಎಂದಿನಂತೆ ಬಲ ಹಾಕಿ ಎಳೆದರು. ಗೊರ್ ಎಂದಿತು. ಮತ್ತೂ ಒತ್ತಿದರು, ಮತ್ತೂ ಗೊರ್ ಎಂದಿತು. ನನಗೆ ನಗು ಬಂತು, ಅಕ್ಕ ಕಣ್ಣು ಬಿಟ್ಟಳು.

"ಒತ್ತಬೇಡಿ ಮೇಷ್ಟ್ರೇ. ಒತ್ತಿದ್ರೆ ಇದು ಮುನಿಸ್ಕೊಳ್ಳುತ್ತೆ. ಕಮಾನಿನ ಭಾರಾನೇ ಸಾಕು, ಉಳಿದದ್ದನ್ನ ಅದೇ ನೋಡ್ಕೊಳ್ಳುತ್ತೆ. ಮೆತ್ತಗೆ ನುಡಿಸಿದ್ರೂ ಕೊನೇ ಸಾಲಿನವರಿಗೆ ಕೇಳುತ್ತೆ. ಆದ್ರೆ ಒಂದು ಕಷ್ಟ, ಬೆರಳು ಕೂದಲೆಳೆ ಆಚೆ ಹೋದ್ರೂ ಅದನ್ನೂ ಅಷ್ಟೇ ಚೆನ್ನಾಗಿ ಹೇಳಿಬಿಡುತ್ತೆ."

ಶಿಷ್ಯೆ ಗುರುವಿಗೆ ಪಾಠ ಹೇಳಿದಂತಾಯಿತು. ಭಾವನ ಕಿವಿ ಕೆಂಪಗಾಯಿತು. ಮತ್ತೆ ನುಡಿಸಿದರು. ಈ ಸಲ ಸ್ವರ ಬಂತು, ಜೊತೆಗೆ ಅವರ ಬೆರಳು ಎಲ್ಲೆಲ್ಲಿ ಜಾರುತ್ತದೆ ಎನ್ನುವುದೂ ಬಂತು. ಮೈಕು ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಅದು ಜಗಲಿಯ ಮೇಲೆ ಹರಡಿತು. ಭಾವ ಕಮಾನು ಕೆಳಗಿಟ್ಟು ಮುಖ ಒರೆಸಿಕೊಂಡರು.

ಬಿಂದುಶ್ರೀ ಒಳ್ಳೆಯ ಹುಡುಗಿ. "ಕಛೇರಿವರೆಗೂ ನಿಮ್ಮ ಕೈಯಲ್ಲೇ ಇರಲಿ ಮೇಷ್ಟ್ರೇ. ಅಭ್ಯಾಸಕ್ಕೆ ನನ್ನ ಹತ್ರ ಇನ್ನೊಂದಿದೆ. ಇದನ್ನ ದಿನಾ ನುಡಿಸ್ತಾ ಇರ್ಬೇಕು, ಇಲ್ಲಾಂದ್ರೆ ಜಡ ಹಿಡಿಯುತ್ತೆ," ಎಂದಳು. ಹೊರಡುವಾಗ ಇನ್ನೊಂದು ಮಾತನ್ನೂ ಹೇಳಿದಳು. ಅದರ ವಾರ್ನಿಶ್ ಕೂಡ ಆ ಮುದುಕನೇ ಕಾಯಿಸಿ ತೆಳ್ಳಗೆ ಬಳಿದದ್ದು, ನಮ್ಮ ಪಿಟೀಲುಗಳ ದಪ್ಪ ಪಾಲಿಶ್ ಅಲ್ಲ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಬೇರೇನೂ ಸೋಕಿಸಬೇಡಿ ಎಂದು. ಭಾವ 'ಗೊತ್ತು ಕಣಮ್ಮ' ಎಂದರು. ಅವರಿಗೆ ಎಲ್ಲವೂ ಗೊತ್ತಿರುತ್ತದೆ.

ಆಮೇಲಿನ ದಿನಗಳು ಆ ಮನೆಯಲ್ಲಿ ನಾನು ಕಂಡ ಒಳ್ಳೆಯ ದಿನಗಳು. ಭಾವ ಬೆಳಿಗ್ಗೆ ಎದ್ದು ಹಟ ಹಿಡಿದು ಕೂರುತ್ತಿದ್ದರು. ಕೈಯ ಬಲ ಕಡಿಮೆಯಾಯಿತು, ಬೆರಳು ತನ್ನ ಜಾಗ ಹುಡುಕಿಕೊಂಡಿತು. ಒಂದು ದಿನ ಬಾಳೆಎಲೆ ಕುಯ್ಯಲು ಜಮೀನಿಗೆ ಹೋಗಿದ್ದೆ. ಮನೆ ಅಷ್ಟು ದೂರ, ನಡುವೆ ಹೈವೇಯ ಲಾರಿಗಳು. ಆದರೂ ಆ ಪಿಟೀಲು ಪಕ್ಕದ ಸಾಲಿನಲ್ಲಿ ಯಾರೋ ಕೂತು ನುಡಿಸಿದಂತೆ ಕೇಳುತ್ತಿತ್ತು. ಮನೆಗೆ ಬಂದು ನೋಡಿದರೆ, ಗಂಡ ನುಡಿಸುವಾಗ ಒಂದು ದಿನವೂ ಕೂತು ಕೇಳದ ಅಕ್ಕ, ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಭಾವ ಅವಳನ್ನು ನೋಡಿ ಇನ್ನೊಂದು ಸಲ ಅದನ್ನೇ ನುಡಿಸಿದರು.

ಆಯುಧಪೂಜೆ ಬಂತು. ನಮ್ಮ ಕಡೆ ಅಂದು ದುಡಿಯುವ ವಸ್ತುಗಳಿಗೆಲ್ಲ ಹಬ್ಬ. ಕುಡುಗೋಲು, ಗುದ್ದಲಿ, ಮೊಪೆಡ್ಡು, ಪಂಪಿನ ಸ್ಟಾರ್ಟರು, ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಇಡುತ್ತೇವೆ. ಪೂಜೆಯಿಲ್ಲದೆ ಬಿಟ್ಟ ವಸ್ತು ವರ್ಷವಿಡೀ ಮುನಿಸಿಕೊಂಡಿರುತ್ತದೆ ಎನ್ನುವ ಭಯ. ಭಾವ ತಮ್ಮ ಹಳೆಯ ಪಿಟೀಲಿಗೆ ಹಚ್ಚಿ, ಇಟಲಿಯದನ್ನೂ ಹೊರಗೆ ತೆಗೆದರು.

"ಬ್ಯಾಡ ಕಣ್ರೀ," ಎಂದಳು ಅಕ್ಕ. "ಆ ಮಗ ಏನೂ ಸೋಕಿಸ್ಬ್ಯಾಡಿ ಅಂತ ಯೋಳಿ ಓಗವ್ಳೆ. ಮುಂದ್ಕ ಒಂದ್ ಊವ ಇಕ್ಕಿ, ಸಾಕು."

"ಸುಮ್ನಿರಮ್ಮಿ. ಸರಸ್ವತಿಗೆ ಅರಿಶಿನ ಇಕ್ದೆ ಬುಡದಾ? ಅವ್ಳ್‌ಗೆ ಯೋಳ್ಕೊಟ್ಟವ್ನು ನಾನು ಕಣಮ್ಮಿ."

ಅದೂ ಅಂಗಡಿಯ ಅರಿಶಿನವಲ್ಲ, ನಮ್ಮ ಹೊಲದ್ದೇ, ಬೇಯಿಸಿ ಒಣಗಿಸಿ ಪುಡಿ ಮಾಡಿದ್ದು. ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಭಾವ ನೀರಿನಲ್ಲಿ ಕಲಸಿ, ಪಿಟೀಲಿನ ಎದೆಯ ಮೇಲೆ ಅಂಗೈಯಗಲ ಹಚ್ಚಿ, ನಡುವೆ ಕುಂಕುಮದ ಬೊಟ್ಟಿಟ್ಟು, ಕೈಮುಗಿದರು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ.

ಮರುದಿನ ಒರೆಸಿದರೆ ಪುಡಿ ಉದುರಿತು, ಹಳದಿ ಉಳಿಯಿತು. ಭಾವ ಒದ್ದೆಬಟ್ಟೆಯಲ್ಲಿ ಉಜ್ಜಿದರು. ಹೋಗಲಿಲ್ಲ. ಆಗ ಅವರಿಗೆ ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ನೆನಪಾಯಿತು. ಹಳೆಯ ಪಿಟೀಲಿನ ಅಂಟನ್ನೆಲ್ಲ ಅವರು ಅದರಲ್ಲೇ ತೆಗೆಯುತ್ತಿದ್ದದ್ದು. ನಾನು ಹೂವು ಬಿಡಿಸುತ್ತಾ ಎದುರಿಗೇ ಕೂತಿದ್ದೆ. ಬಟ್ಟೆ ಒಂದು ಸಲ ಆಡಿತು, ಎರಡು ಸಲ ಆಡಿತು, ಭಾವನ ಕೈ ಗಕ್ಕನೆ ನಿಂತಿತು. ಬಟ್ಟೆಯ ತುಂಬ ಕೆಂಪು ಕಂದು ಬಣ್ಣ. ವಾರ್ನಿಶ್ ಕರಗಿ ಬಂದಿತ್ತು. ಅದರ ಕೆಳಗಿನ ಬೆತ್ತಲೆ ಮರಕ್ಕೆ ಅರಿಶಿನ ಸ್ಯಾನಿಟೈಸರಿನ ಸ್ಪಿರಿಟ್ಟಿನ ಜೊತೆ ಇಳಿದು, ಅಂಗೈಯಗಲ ಇದ್ದದ್ದು ಇನ್ನೂ ಅಗಲವಾಗಿ ಹರಡಿತ್ತು.

"ಫೋನ್ ಮಾಡಿ ಹೇಳಿಬಿಡಿ ಭಾವ, ಈಗಲೇ," ಎಂದೆ. ಅವರು ನನ್ನನ್ನು ನೋಡಲೇ ಇಲ್ಲ. ಪಿಟೀಲನ್ನು ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಯನ್ನು ಬೀರುವಿನೊಳಗಿಟ್ಟು, ಜಮೀನಿಗೆ ಹೊರಟುಹೋದರು. ಅಂದು ಊಟಕ್ಕೂ ಸರಿಯಾಗಿ ಬರಲಿಲ್ಲ. ಎದುರು ಸಿಕ್ಕಿದವರು 'ನಮಸ್ಕಾರ ಮೇಷ್ಟ್ರೇ' ಎಂದರೆ ಭಾವ ಬೈಸಿಕೊಂಡವರಂತೆ ತಲೆ ತಗ್ಗಿಸುತ್ತಿದ್ದರು. ಅಷ್ಟು ನಾಚಿಕೆಪಟ್ಟವರು ಬಿಂದುಶ್ರೀ ಬಂದಾಗ ನಿಜ ಹೇಳಿಯೇ ಹೇಳುತ್ತಾರೆ ಎಂದು ನಾನು ನಂಬಿದ್ದೆ.

ಶನಿವಾರ ಬೆಳಿಗ್ಗೆ ಅವಳು ಬಂದಳು. ಪೆಟ್ಟಿಗೆ ತೆರೆದಳು. ಅವಳ ಮುಖದಲ್ಲಿದ್ದ ನಗು ಅಲ್ಲೇ ಒಣಗಿತು. ಬೆರಳ ತುದಿಯಿಂದ ಆ ಜಾಗವನ್ನು ಮುಟ್ಟಿ, ಬಗ್ಗಿ ಮೂಸಿ ನೋಡಿದಳು. ಅಕ್ಕ ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಇವ್ಳು ಕಣಮ್ಮ," ಎಂದರು ಭಾವ, ಅಕ್ಕನ ಕಡೆ ಕೈ ತೋರಿಸಿ. "ಆಯುಧಪೂಜೆ ದಿನ ನಾನ್ ಮನೇಲಿ ಇರ್ನಿಲ್ಲ. ಇವ್ಳು ಅರಿಶಿನ ಹಚ್ಬುಟ್ಟು, ಆಮೇಲೆ ಅದೇನೋ ಆಕಿ ಉಜ್ಬುಟ್ಟವ್ಳೆ. ಓದುಬರಹ ಇಲ್ದೋಳು, ತಿಳೀಬ್ಯಾಡ್ವಾ?"

ನಾನು ಎದ್ದೇಬಿಟ್ಟೆ. ಅಕ್ಕ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನನ್ನ ಬಾಯಿಗೆ ಬೀಗ ಬಿತ್ತು.

"ಊಂ ಕಣವ್ವ," ಎಂದಳು ಅಕ್ಕ. "ನಾನೇ. ನಂಗ ತಿಳೀನಿಲ್ಲ. ಒಟ್ಟೆಗೆ ಆಕ್ಕೊ ನನ್ನವ್ವ." ಕಾಫಿ ಲೋಟವನ್ನು ಬಿಂದುಶ್ರೀಯ ಮುಂದಿಟ್ಟು ಒಳಗೆ ಹೋದಳು. ಹೋಗುವಾಗ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಭಾವ ಮಾಡಿದ ಕೆಲಸಕ್ಕೆ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಪಿಟೀಲು ಕೆಟ್ಟದ್ದಕ್ಕಲ್ಲ, ಅದು ಮರ. ನನ್ನ ಅಕ್ಕ ಅಷ್ಟು ಸಲೀಸಾಗಿ 'ನಾನೇ' ಎಂದಳಲ್ಲ, ಎಷ್ಟು ಸಲ ಹೇಳಿ ಹೇಳಿ ರೂಢಿಯಾಗಿರಬೇಕು ಎಂದು.

ಬಿಂದುಶ್ರೀ ಕಮಾನು ತೆಗೆದು ಒಂದು ಸ್ವರ ಎಳೆದಳು. ಮೊದಲಿನಂತೆಯೇ ತುಂಬಿಕೊಂಡು ಬಂತು. "ನಾದಕ್ಕೆ ಏನೂ ಆದ ಹಾಗಿಲ್ಲ ಮೇಷ್ಟ್ರೇ. ಬಿಡಿ," ಎಂದು ಪೆಟ್ಟಿಗೆ ಮುಚ್ಚಿದಳು. ನಾಳೆ ಮೂವರೂ ಕಛೇರಿಗೆ ಬರಲೇಬೇಕು ಎಂದು ಹೇಳಿ ಹೊರಟಳು. ಕಾಫಿ ಹಾಗೇ ಆರಿಹೋಗಿತ್ತು.

ಭಾನುವಾರ ಬೆಳಿಗ್ಗೆ ಚಾಮರಾಜನಗರದ ಆ ಸಭಾಂಗಣ ತುಂಬಿತ್ತು. ನಮ್ಮನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಬಿಂದುಶ್ರೀ ಮೈಕನ್ನು ಪಕ್ಕಕ್ಕೆ ಸರಿಸಿ ನುಡಿಸಿದಳು. ಹಿಂದಿನ ಬಾಗಿಲಲ್ಲಿ ನಿಂತವರೂ ಅಲ್ಲಾಡದೆ ಕೇಳಿದರು. ಆದರೆ ಪಕ್ಕದಲ್ಲಿದ್ದ ದೊಡ್ಡ ಪರದೆಯ ಮೇಲೆ ಆ ಹಳದಿ ಮಚ್ಚೆ ಗೋಡೆಯಗಲ ಕಾಣುತ್ತಿತ್ತು. ಅದೇನು, ಏನಾಗಿದೆ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು. ಭಾವ ಇಡೀ ಕಛೇರಿ ತಮ್ಮ ಮೊಣಕಾಲನ್ನೇ ನೋಡುತ್ತಾ ಕೂತಿದ್ದರು.

ಮುಗಿದ ಮೇಲೆ, ಕಛೇರಿ ಏರ್ಪಡಿಸಿದ್ದ ಸಂಗೀತ ಬಳಗದ ಅಧ್ಯಕ್ಷ ಮಲ್ಲಿಕಾರ್ಜುನಸ್ವಾಮಿಯವರು ಭಾವನನ್ನು ವೇದಿಕೆಗೆ ಕರೆದರು. ಬಿಂದುಶ್ರೀ ಮೈಕು ಹಿಡಿದಳು. "ಈ ಮಚ್ಚೆ ಏನು ಅಂತ ಕೇಳ್ತಾ ಇದ್ದೀರಿ. ಇದು ನಮ್ಮೂರ ಅರಿಶಿನ. ನಮ್ಮ ಮೇಷ್ಟ್ರ ಮನೆಯಲ್ಲಿ ಆಯುಧಪೂಜೆಗೆ ಇಗೋ ಇಲ್ಲಿ ಕೂತಿರೋ ಅಮ್ಮ ಹಚ್ಚಿದ್ದು. ನಾನು ಇದನ್ನ ತೆಗೆಸೋದಿಲ್ಲ," ಎಂದಳು. ಜನ ಚಪ್ಪಾಳೆ ತಟ್ಟಿ ಅಕ್ಕನ ಕಡೆ ತಿರುಗಿದರು. ಅಕ್ಕ ಸೆರಗಿನೊಳಗೆ ಮುಖ ಹುದುಗಿಸಿದಳು. ತನ್ನದಲ್ಲದ ತಪ್ಪನ್ನು ಒಪ್ಪಿಕೊಂಡವಳು ಈಗ ತನ್ನದಲ್ಲದ ಹೊಗಳಿಕೆಯನ್ನೂ ಹೊತ್ತು ಕೂರಬೇಕಾಯಿತು.

ಭಾವನಿಗೆ ಅದನ್ನು ನೋಡಲಾಗಲಿಲ್ಲ. ಬಿಂದುಶ್ರೀಯ ಕೈಯಿಂದ ಮೈಕನ್ನು ಕಿತ್ತುಕೊಂಡಂತೆ ತೆಗೆದುಕೊಂಡರು.

"ಹಚ್ಚಿದ್ದು ಅವ್ಳಲ್ಲ ಕಣ್ರಪ್ಪ. ನಾನು. ಅವ್ಳು ಬ್ಯಾಡ ಬ್ಯಾಡ ಅಂದ್ಲು. ನಾನೇ ಕೈಯಾರ ಹಚ್ಚಿದ್ದು..."

ಮುಂದಿನ ಮಾತು ಕೇಳಲಿಲ್ಲ. ಸಭಾಂಗಣ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು. ಯಾರೋ ಶಿಳ್ಳೆ ಹಾಕಿದರು. ಮಲ್ಲಿಕಾರ್ಜುನಸ್ವಾಮಿಯವರು ಮೈಕು ಇಸಿದುಕೊಂಡು, "ನೋಡಿ, ಗುರುಗಳೇ ಕೈಯಾರ ಮಾಡಿದ ಪೂಜೆ! ಇಂಥ ಭಕ್ತಿ ಎಲ್ಲಿ ಸಿಗುತ್ತೆ!" ಎಂದು ಶಾಲು ಹೊದಿಸಿ, ಹಾರ ಹಾಕಿ, ಪೇಟ ಇಟ್ಟರು. ಬಿಂದುಶ್ರೀ ಮಾತ್ರ ಚಪ್ಪಾಳೆ ತಟ್ಟದೆ ನೆಲ ನೋಡುತ್ತಾ ನಿಂತಿದ್ದಳು. ಅವಳಿಗೆ ಎಲ್ಲ ತಿಳಿಯಿತು ಎಂದೇ ನನ್ನ ಅನಿಸಿಕೆ.

ಮಧ್ಯಾಹ್ನದ ಬಸ್ಸಿನಲ್ಲಿ ಅವರಿಬ್ಬರನ್ನು ಬೇಗೂರಿಗೆ ಬಿಡಲು ನಾನೂ ಹತ್ತಿದೆ. ಅಕ್ಕ ಕಿಟಕಿಯ ಪಕ್ಕ, ಭಾವ ಅವಳ ಪಕ್ಕ, ನಾನು ಹಿಂದಿನ ಸೀಟಿನಲ್ಲಿ. ಗುಂಡ್ಲುಪೇಟೆ ಹತ್ತಿರ ಬಂದಾಗ ಭಾವ ಮೆಲ್ಲಗೆ ಎಂದರು, "ಯೋಳ್ಬುಟ್ಟೆ ಕಣಮ್ಮಿ. ಎಲ್ಲಾರ ಮುಂದೂ ಯೋಳ್ಬುಟ್ಟೆ."

"ಕೇಳುಸ್ತು," ಎಂದಳು ಅಕ್ಕ, ಕಿಟಕಿಯಿಂದ ಮುಖ ತಿರುಗಿಸದೆ. "ನಿನ್ನೆ ಮನೇಲಿ ಆ ಮಗೀನ ಮುಂದ ಯೋಳಿದ್ರೆ ಯಾರೂ ಚಪ್ಪಾಳೆ ತಟ್ತಿರ್ನಿಲ್ಲ."

ಭಾವ ಹೆಗಲ ಮೇಲಿನ ಶಾಲು ತೆಗೆದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬೇಗೂರು ಬರುವವರೆಗೂ ಕೈಯಲ್ಲೇ ಮುದುರಿ ಹಿಡಿದುಕೊಂಡಿದ್ದರು.