ಯಾರ ಕಡೆಯವನೂ ಅಲ್ಲದವನು

ನನ್ನ ತಮ್ಮ ಡೆರಿಕ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ಚರ್ಚಿನಲ್ಲಿ ಕೂತಿದ್ದಾಗಲೂ ಮಂಡಿ ಕುಣಿಯುತ್ತಿತ್ತು, ಅಮ್ಮ ಪಕ್ಕದಿಂದ ಚಿವುಟುತ್ತಿದ್ದಳು. ಅವನಿಗೆ ಅಂಚೆಯ ಕೆಲಸ ಸಿಕ್ಕಿದಾಗ ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟೆವು. ನಡೆಯುವುದಕ್ಕೇ ಸಂಬಳ ಕೊಡುವ ಪುಣ್ಯಾತ್ಮರು ಬೇರೆ ಯಾರು ಸಿಗಬೇಕು? ನಿವೃತ್ತಿಯಾದ ಮೇಲೆ ಅದೂ ತಪ್ಪಿತು. ಈಗ ಅವನ ಅಡುಗೆಮನೆಯ ನೆಲಹಾಸು ಒಲೆಯಿಂದ ಹಿತ್ತಿಲ ಬಾಗಿಲಿನವರೆಗೆ ಸವೆದು ಬಣ್ಣಗೆಟ್ಟಿದೆ.

ಕಾಲಿಗೆ ತಕ್ಕ ಬಾಯಿ. ನಮ್ಮೂರ ಫುಟ್‌ಬಾಲ್ ಮೈದಾನದಲ್ಲಿ ರೆಫರಿಗಳನ್ನು ಬೈಯುವುದರಲ್ಲಿ ಇವನನ್ನು ಮೀರಿಸಿದವರು ಇರಲಿಲ್ಲ. ಒಮ್ಮೆ ಒಬ್ಬ ರೆಫರಿ ಆಟ ನಿಲ್ಲಿಸಿ, ಕಂಬಿಯ ಹತ್ತಿರ ಬಂದು, ಸೀಟಿಯನ್ನು ಇವನ ಮುಂದೆ ಹಿಡಿದು, ತಗೊಳ್ಳಿ, ನೀವೇ ಆಡಿಸಿ ಅಂದಿದ್ದ. ನಾಚಿಕೆಯಿದ್ದ ಮನುಷ್ಯನಾಗಿದ್ದರೆ ತಲೆ ತಗ್ಗಿಸುತ್ತಿದ್ದ. ಇವನು ಸೀಟಿ ತೆಗೆದುಕೊಂಡು ಊದಿಯೇಬಿಟ್ಟ. ಆ ವರ್ಷ ಮುಗಿಯುವ ತನಕ ಮೈದಾನಕ್ಕೆ ಕಾಲಿಡಬೇಡ ಎಂದು ಕ್ಲಬ್ಬಿನವರು ಹೇಳಬೇಕಾಯಿತು.

ಅವನ ಹೆಂಡತಿ ಲೊರೇನ್ ತೀರಿಕೊಂಡಾಗ ಮಗಳು ಬೆಥನಿ ಇನ್ನೂ ಪುಟ್ಟವಳು. ಶನಿವಾರ ನನ್ನ ಬೇಕರಿ ಕೆಲಸದಲ್ಲಿ ನನಗೆ ಪುರುಸೊತ್ತು ಇರುತ್ತಿರಲಿಲ್ಲ, ಆದ್ದರಿಂದ ಮಗುವನ್ನೂ ಮೈದಾನಕ್ಕೇ ಎಳೆದುಕೊಂಡು ಹೋಗುತ್ತಿದ್ದ. ಹಾಲಿನ ಕ್ರೇಟ್ ಬೋರಲು ಹಾಕಿ ಅದರ ಮೇಲೆ ನಿಂತು, ಅಪ್ಪನ ಬೈಗುಳದ ನಡುವೆಯೇ ಹುಡುಗಿ ಬೆಳೆಯಿತು. ಒಂದು ದಿನ ರೆಫರಿಯನ್ನು ತೋರಿಸಿ ಕೇಳಿದಳಂತೆ: ಆ ಕಪ್ಪು ಅಂಗಿಯವರ ಕಡೆಯವರು ಯಾರೂ ಬಂದಿಲ್ವಾ ಅಪ್ಪ? ಡೆರಿಕ್ ಅದನ್ನು ನನ್ನ ಹತ್ತಿರ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದ. ಬೆಥನಿ ದೊಡ್ಡವಳಾಗಿ ರೆಫರಿಯ ತರಬೇತಿಗೆ ಸೇರಿದಳು ನೋಡಿ, ಆ ನಗು ಅಲ್ಲಿಗೆ ನಿಂತಿತು. ಮಾಡಿದ್ದುಣ್ಣೋ ಮಹಾರಾಯ ಅಂದೆ ನಾನು. ಆ ದಿನ ಅವನು ಊಟ ಮಾಡಲಿಲ್ಲ.

ಮೊದಮೊದಲ ಒಂದು ಆಟದಲ್ಲಿ ಯಾರೋ ಆಟಗಾರನ ತಂದೆ ಬೆಥನಿಗೆ ಹೇಳಬಾರದ ಮಾತು ಹೇಳಿದ. ಡೆರಿಕ್ ಕಂಬಿ ಹಾರಿ ಹೋಗಿ ಅವನ ಕೊರಳಪಟ್ಟಿ ಹಿಡಿದ. ಸ್ವಂತ ಅಪ್ಪನ ಮೇಲೆ ಮೇಲಿನವರಿಗೆ ದೂರು ಕೊಡಬೇಕಾಗಿ ಬಂದದ್ದು ಪಾಪ ಆ ಹುಡುಗಿಗೆ. ಮನೆಗೆ ಬಂದು ಅವಳು ಅಳಲಿಲ್ಲ, ಕೂಗಾಡಲಿಲ್ಲ. ನೀನು ಬರೋದಾದ್ರೆ ಬಾ ಅಪ್ಪ ಅಂದಳು. ಆದರೆ ಬಾಯಿ ಬಿಡಬಾರದು, ಕೈ ಎತ್ತಬಾರದು, ತಲೆ ಅಲ್ಲಾಡಿಸಬಾರದು, ನಾನು ನಿನ್ನ ಮಗಳು ಅಂತ ಒಂದು ನರಪಿಳ್ಳೆಗೂ ಹೇಳಬಾರದು. ಒಂದು ಸಲ ತಪ್ಪಿದರೂ ಆಮೇಲೆ ಬರಬೇಡ. ಡೆರಿಕ್ ಬೈಬಲ್ ಮುಟ್ಟಿದವನ ಹಾಗೆ ಒಪ್ಪಿಕೊಂಡ.

ಅಲ್ಲಿಂದ ಅವನ ಶನಿವಾರಗಳೆಲ್ಲ ಕಂಡವರ ಊರಿನ ಮೈದಾನಗಳಲ್ಲೇ. ನಮ್ಮೂರ ತಂಡದ ಆಟಕ್ಕೆ ಬೆಥನಿಯನ್ನು ಹಾಕುವುದಿಲ್ಲ, ಹಾಗಾಗಿ ನಮ್ಮೂರ ತಂಡವನ್ನು ಅವನು ಮರೆತೇಬಿಟ್ಟ. ನೀವು ಯಾರ ಕಡೆ ಎಂದು ಯಾರಾದರೂ ಕೇಳಿದರೆ, ಯಾರ ಕಡೆಯೂ ಅಲ್ಲ, ಸುಮ್ಮನೆ ನೋಡೋಕೆ ಬಂದೆ ಅನ್ನುತ್ತಿದ್ದ. ಬಾಯಿಗೆ ಬೀಗ ಬಿದ್ದ ಮೇಲೆ ಒಳಗಿನ ಕುದಿಯೆಲ್ಲ ಕಾಲಿಗೆ ಇಳಿಯಿತು. ಆಟ ಶುರುವಾದದ್ದೇ ತಡ, ಕಂಬಿಯ ಗುಂಟ ಮೈದಾನ ಸುತ್ತಲು ಹೊರಡುತ್ತಿದ್ದ. ಗೋಲಿನ ಹಿಂದೆ ಬಂದು ನಿಂತರೂ ಗಾಣದ ಎತ್ತಿನಂತೆ ಅಲ್ಲೇ ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ. ಬೇಕರಿ ಬಿಟ್ಟ ಮೇಲೆ ನಾನೂ ಜೊತೆಗೆ ಹೋಗತೊಡಗಿದೆ. ಫುಟ್‌ಬಾಲಿನ ಮೇಲೆ ನನಗೇನೂ ಪ್ರೀತಿ ಇಲ್ಲ. ಇವನ ತೋಳು ಹಿಡಿಯಲು ಒಬ್ಬರು ಬೇಕಲ್ಲ, ಅದಕ್ಕೆ.

ಈಗ ಹೇಳಹೊರಟಿದ್ದು ಫೆಬ್ರವರಿಯ ಒಂದು ಶನಿವಾರದ ಮಾತು. ಕೌಂಟಿ ಕಪ್ಪಿನ ಸೆಮಿಫೈನಲ್, ಬ್ರ್ಯಾಕನ್‌ಷಾ ತಂಡದ ಮೈದಾನದಲ್ಲಿ, ಹೋಮ್‌ಗೇಟ್ ತಂಡದ ಮೇಲೆ. ಬೆಥನಿಯೇ ರೆಫರಿ; ಅವಳು ಆಡಿಸುವುದನ್ನು ನೋಡಿ ಅಂಕ ಹಾಕಲು ಮೇಲಿನಿಂದ ಒಬ್ಬರು ಬರುವವರಿದ್ದರು. ಈ ಆಟವೊಂದನ್ನು ಚೆನ್ನಾಗಿ ಆಡಿಸಿದರೆ ಮುಂದಿನ ವರ್ಷ ಅವಳಿಗೆ ಮೇಲಿನ ಲೀಗು. ಅದಕ್ಕಾಗಿ ಅವಳು ಚಳಿಗಾಲವೆಲ್ಲ ಬೆಳಗಿನ ಕತ್ತಲೆಯಲ್ಲಿ ಎದ್ದು ಓಡಿದ್ದಳು. ಕಾರಿನಲ್ಲಿ ಕರೆತಂದು, ಯಾರೂ ನೋಡಬಾರದೆಂದು ನಮ್ಮಿಬ್ಬರನ್ನು ಏರಿನ ಕೆಳಗೇ ಇಳಿಸಿ ಹೋದಳು. ಕದ್ದ ಮಾಲು ಇಳಿಸಿದ ಹಾಗೆ! ಸೊಂಟದ ನೋವಿನಲ್ಲಿ ಆ ಏರು ಹತ್ತುವಾಗ ಅಪ್ಪ ಮಗಳಿಬ್ಬರನ್ನೂ ಮನಸ್ಸಿನಲ್ಲೇ ಶಪಿಸಿದೆ.

ಬ್ರ್ಯಾಕನ್‌ಷಾ ಮೈದಾನ ಒಂದು ಕಡೆಗೆ ಇಳಿಜಾರು. ಗುಡ್ಡದ ಮೇಲಿಂದ ಬೀಸುವ ಗಾಳಿ ಎಲುಬಿಗೇ ಇಳಿಯುತ್ತದೆ. ಟೀ ಗೂಡಿನಲ್ಲಿ ಕೆಲ್ವಿನ್ ಎಂಬ ದೊಡ್ಡ ದೇಹದ ಬಸ್ ಡ್ರೈವರ್ ನಮಗೆ ಗಂಟುಬಿದ್ದ. ಬ್ರ್ಯಾಕನ್‌ಷಾ ತಂಡಕ್ಕೆ ಪ್ರಾಣ ಬಿಡುವ ಜಾತಿ. ಯಾರ ಕಡೆಯೂ ಅಲ್ಲದೆ ಈ ಚಳಿಯಲ್ಲಿ ಸಾಯೋಕೆ ಬಂದಿದೀರಲ್ಲ ಯಜಮಾನ್ರೇ ಎಂದು ಡೆರಿಕ್‌ಗೆ ತಾನು ತಿನ್ನುತ್ತಿದ್ದ ಪೈನಲ್ಲಿ ಅರ್ಧ ಮುರಿದು ಕೊಟ್ಟ. ಒಳ್ಳೆಯ ಮನುಷ್ಯನೇ. ಆದರೆ ಆಟ ಶುರುವಾಗುತ್ತಲೇ ಅವನ ಬಾಯಿ ಬೆಥನಿಯ ಮೇಲೆ ತಿರುಗಿತು.

"ಅಮ್ಮಾ ತಾಯೀ, ಕನ್ನಡಕ ಮನೇಲೇ ಬಿಟ್ಟು ಬಂದ್ಯಾ? ಯಾರನ್ನಾದ್ರೂ ಕಳಿಸ್ಲಾ ತರೋಕೆ?"

ಸುತ್ತಲಿದ್ದವರು ನಕ್ಕರು. ಡೆರಿಕ್ ಬಾಯಿಗೆ ಹಾಕಿದ್ದ ಪೈ ನುಂಗಲೂ ಆಗದೆ ಉಗುಳಲೂ ಆಗದೆ ಮೈದಾನ ಸುತ್ತಲು ಹೊರಟ. ನಾನು ಕಂಡ ಮಟ್ಟಿಗೆ ಹುಡುಗಿ ಚೆನ್ನಾಗಿಯೇ ಆಡಿಸುತ್ತಿದ್ದಳು. ಇಬ್ಬರು ಜಗಳಕ್ಕೆ ನಿಂತಾಗ ನಡುವೆ ಹೋಗಿ ಏನೋ ಅಂದಳು, ಇಬ್ಬರೂ ನಕ್ಕು ದೂರ ಸರಿದರು. ಚಾವಣಿಯ ಕೆಳಗೆ ಕೂತಿದ್ದ ಅಂಕದ ಮನುಷ್ಯ ತಲೆದೂಗಿದ್ದನ್ನು ನಾನೇ ನೋಡಿದೆ. ಡೆರಿಕ್ ಸುತ್ತಿ ಬಂದಾಗ ಅವನಿಗೆ ಹೇಳಿದರೆ, ಇನ್ನೂ ಅರ್ಧ ಆಟ ಇದೆ ಅಕ್ಕ, ಬಾಯಿ ಮುಚ್ಚು ಅಂದ. ಬಾಯಿ ಮುಚ್ಚು ಅಂತ ಹೇಳುವವನು ಯಾರು ನೋಡಿ!

ಅರ್ಧ ಆಟ ಮುಗಿದ ಮೇಲೆ, ತಮ್ಮವರು ಗೋಲು ಹೊಡೆಯುವುದನ್ನು ಹತ್ತಿರದಿಂದ ನೋಡಲು ಎಲ್ಲರೂ ಹೋಮ್‌ಗೇಟ್ ಗೋಲಿನ ಹಿಂದಕ್ಕೆ ಹೋದರು, ನಾವೂ ಹೋದೆವು. ಎರಡೂ ಕಡೆ ಗೋಲಿಲ್ಲ. ದೀಪ ಹಾಕಿದರು. ಹೊತ್ತು ಕಳೆದಂತೆ ಜನರಿಗೆ ಚಡಪಡಿಕೆ, ಡೆರಿಕ್‌ಗೆ ಎಲ್ಲರಿಗಿಂತ ಹೆಚ್ಚು. ಗೆಲ್ಲುವವರು ಯಾರಾದರೂ ಗೆಲ್ಲಲಿ, ಮಗಳ ಸೀಟಿಯಿಂದ ಮಾತ್ರ ಗೆಲ್ಲದಿರಲಿ ಎಂಬುದೊಂದೇ ಅವನ ಪ್ರಾರ್ಥನೆ. ನನ್ನ ಪಕ್ಕದಲ್ಲಿ ಅವನು ತುಳಿದ ಜಾಗ ಕೆಸರಾಗಿತ್ತು.

ಇನ್ನೇನು ಮುಗಿಯಿತು ಅನ್ನುವಾಗ ಬ್ರ್ಯಾಕನ್‌ಷಾದ ಒಬ್ಬ ಹುಡುಗ ಚೆಂಡು ಸಿಕ್ಕಿದ್ದೇ ತಡ ದೂರದಿಂದಲೇ ಒದ್ದ. ಅದು ಗೋಲಿನ ಮೇಲುಪಟ್ಟಿಯ ಅಡಿಗೆ ಬಡಿದು, ಗೆರೆಯ ಒಳಗೆ ನೆಲಕ್ಕೆ ಬಿದ್ದು, ಪುಟಿದು ಹೊರಗೆ ಬಂತು. ಹೋಮ್‌ಗೇಟ್ ಗೋಲ್‌ಕೀಪರ್ ಅದನ್ನು ತಬ್ಬಿ ಹಿಡಿದುಕೊಂಡ. ನಾವು ಬಲೆಯ ಹಿಂದೆಯೇ ಇದ್ದೆವು. ಒಂದು ಗೇಣು ಒಳಗೆ ಬಿದ್ದಿತ್ತು. ಅದು ಗೋಲು ಎಂಬುದಕ್ಕೆ ನನ್ನಂಥವಳಿಗೂ ಅನುಮಾನವಿಲ್ಲ. ಆದರೆ ಪಕ್ಕಕ್ಕೆ ನಿಂತಿದ್ದ ಕೆಲ್ವಿನ್‌ಗೆ ಗೋಲ್‌ಕೀಪರನ ಬೆನ್ನು ಅಡ್ಡ. ಬೆಥನಿ ಬಲು ದೂರದಲ್ಲಿದ್ದಳು. ಬಾವುಟ ಹಿಡಿದ ಲೈನ್ಸ್‌ಮನ್ ಇನ್ನೂ ಓಡಿಬರುತ್ತಿದ್ದ. ಅವಳು ಅವನನ್ನು ನೋಡಿದಳು. ಗೊತ್ತಾಗಲಿಲ್ಲ ಎಂದು ಅವನು ತಲೆಯಾಡಿಸಿದ.

ಆಗ ಅವಳ ಕಣ್ಣು ಗೋಲಿನ ಹಿಂದಕ್ಕೆ ಬಂತು, ಡೆರಿಕ್‌ನ ಮೇಲೆ ನಿಂತಿತು.

ಅವಳು ಅವನನ್ನು ನೋಡಿದ್ದನ್ನು ನಾನು ನೋಡಿದೆ. ಡೆರಿಕ್ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತು ಅವಳನ್ನೇ ನೋಡುತ್ತಿದ್ದ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡ. ಬೆಥನಿ ಕೈ ಬೀಸಿ ಆಟ ಮುಂದುವರಿಸಿ ಎಂದಳು.

ಆಮೇಲಿನದು ಕೇಳಬೇಡಿ. ಕೂಗಾಟ ಮುಗಿಯುವ ಮೊದಲೇ ಹೋಮ್‌ಗೇಟಿನವರು ಆ ತುದಿಗೆ ಹೋಗಿ ಗೋಲು ಹೊಡೆದು ಗೆದ್ದುಬಿಟ್ಟರು. ಕೆಲ್ವಿನ್ ಡೆರಿಕ್‌ನ ಹೆಗಲು ಹಿಡಿದು ತಿರುಗಿಸಿಕೊಂಡ. ನೀವು ಹಿಂದೆಯೇ ಇದ್ದಿರಲ್ಲ, ಒಳಗೆ ಬಿತ್ತೋ ಇಲ್ಲವೋ ಹೇಳಿ ಎಂದ. ಡೆರಿಕ್ ನೆಲ ನೋಡುತ್ತ, ನನಗೆ ಸರಿಯಾಗಿ ಕಾಣಲಿಲ್ಲ ಎಂದ. ನನ್ನ ತಮ್ಮ ಫುಟ್‌ಬಾಲಿನ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಅವತ್ತೇ ಮೊದಲು ಕೇಳಿದ್ದು ನಾನು.

ಆಟ ಮುಗಿದ ಮೇಲೆ ಏರಿನ ಕೆಳಗೆ ಹೋಗಿ ಕಾಯುವುದೆಂದು ಮಾತಾಗಿತ್ತು. ಡೆರಿಕ್ ಕೇಳಲಿಲ್ಲ. ರೆಫರಿಗಳು ಬಟ್ಟೆ ಬದಲಿಸಿ ಕ್ಲಬ್ಬಿನ ಕೋಣೆಗೆ ಬಂದು ತಿಂದು ಹೋಗುವುದು ಪದ್ಧತಿ. ಅವಳೊಬ್ಬಳೇ ಅವರ ನಡುವೆ ಕೂತು ತಿನ್ನಬೇಕು ಅಕ್ಕ ಅಂದ. ಒಳಗೆ ಹೋಗಿ ಗೋಡೆಯ ಬದಿಗೆ ಕೂತೆವು. ಬೆಥನಿ ಬಂದಾಗ ಎಲ್ಲರೂ ಅವಳ ಕಡೆ ತಿರುಗಿದರು. ಲೈನ್ಸ್‌ಮನ್ನರ ಜೊತೆ, ಆ ಅಂಕದ ಮನುಷ್ಯನ ಎದುರಿಗೆ ಕೂತು ಅವಳು ತಟ್ಟೆಯ ಬಟಾಣಿ ಕೆದಕತೊಡಗಿದಳು. ಕೆಲ್ವಿನ್ ಎದ್ದು ನಿಂತ. ಕೂಗಿದ್ದರೆ ವಾಸಿಯಿತ್ತು. ಅವನು ಮೆಲ್ಲಗೆ ಮಾತಾಡಿದ.

"ಬೈಯಲ್ಲಮ್ಮ ನಾನು. ಈ ಯಜಮಾನ್ರು ನಮ್ಮೋರಲ್ಲ, ಅವರ ಕಡೆಯೋರೂ ಅಲ್ಲ. ಗೋಲಿನ ಹಿಂದೇನೇ ಇದ್ರು. ಕಾಣ್ಲಿಲ್ಲ ಅಂತಾರೆ, ನಾನು ನಂಬಲ್ಲ. ನೀನೇ ಕೇಳಿಬಿಡು, ಅವರು ಏನಂದ್ರೂ ನಾನು ಸುಮ್ಮನಾಗ್ತೀನಿ."

ರೆಫರಿಯಾದವಳು ಅದಕ್ಕೆ ಜವಾಬು ಕೊಡಬೇಕಿಲ್ಲ. ಊಟ ಬಿಟ್ಟು ಎದ್ದು ಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಅವಳು ಚಮಚ ಕೆಳಗಿಟ್ಟು, ಹೆತ್ತ ಅಪ್ಪನನ್ನು ದಾರಿಹೋಕನನ್ನು ನೋಡುವ ಹಾಗೆ ನೋಡಿದಳು.

"ಯಜಮಾನ್ರೇ, ಚೆಂಡು ಗೆರೆ ದಾಟಿತ್ತಾ?"

ಡೆರಿಕ್ ಎದ್ದು ನಿಂತ, ಟೋಪಿ ತೆಗೆದ.

"ದಾಟಿತ್ತು. ಒಂದು ಗೇಣು ಒಳಗೆ ಬಿದ್ದಿತ್ತು. ಆಗ ಕಾಣ್ಲಿಲ್ಲ ಅಂದಿದ್ದು ಸುಳ್ಳು. ಯಾಕಂದ್ರೆ ಇವಳು ನನ್ನ ಮಗಳು."

ಯಾರೋ ಹಿಂದೆ ನಗಲು ಹೋಗಿ ನಿಲ್ಲಿಸಿದರು. ಬೆಥನಿ ಅಲ್ಲೇ ಇದ್ದ ಬ್ರ್ಯಾಕನ್‌ಷಾ ತಂಡದ ನಾಯಕನ ಕಡೆ ತಿರುಗಿ, ಹಾಗಾದರೆ ಅದು ಗೋಲು, ನಾನು ತಪ್ಪು ಮಾಡಿದೆ, ಕ್ಷಮಿಸಿ ಎಂದಳು. ಅವನು ತಲೆ ಬಗ್ಗಿಸಿ ಸರಿ ಎಂದ, ಅಷ್ಟೇ. ಕೆಲ್ವಿನ್ ಕೂತುಕೊಂಡ. ಹೆತ್ತ ಅಪ್ಪನೇ ಹೀಗೆ ಹೇಳಿದ ಮೇಲೆ ಇನ್ನು ನಾನು ಯಾರನ್ನ ಬೈಲಿ ಎಂದು ಗೊಣಗುತ್ತ ತನ್ನ ಗ್ಲಾಸಿನೊಳಗೆ ನೋಡಿದ. ಅಂಕದ ಮನುಷ್ಯ ತಟ್ಟೆ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಬೆಥನಿಯ ಕೈಕುಲುಕಿ ಹೊರಟುಹೋದ. ನೀವು ಕಾಯುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಆ ವರ್ಷ ಅವಳನ್ನು ಮೇಲಿನ ಲೀಗಿಗೆ ಕರೆಯಲಿಲ್ಲ.

ಈ ಸಲ ಮೂವರೂ ಎಲ್ಲರ ಎದುರಿಗೇ ಕಾರು ಹತ್ತಿದೆವು. ಮುಂದಿನ ಸೀಟಿನಲ್ಲಿ ಡೆರಿಕ್‌ನ ಮಂಡಿ ಕುಣಿಯುತ್ತಲೇ ಇತ್ತು. ಕೆಳಗಿನ ಕೂಡುರಸ್ತೆಯಲ್ಲಿ ಬೆಥನಿ ಬದಿಗೆ ನಿಲ್ಲಿಸಿದಳು.

"ಆಗ ನಾನು ನಿನ್ ಕಡೆ ನೋಡ್ದೆ ಅಪ್ಪ. ನೋಡಬಾರದಿತ್ತು. ನೋಡಿಬಿಟ್ಟೆ."

ಡೆರಿಕ್ ಸೋತ ದನಿಯಲ್ಲಿ, ಗೊತ್ತು ಮಗಳೇ, ನಾನು ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ, ನೀನು ಹೇಳಿದ ಹಾಗೇ ಇದ್ದೆ ಎಂದ.

"ಅದೇ. ನೀನು ನಿಂತಿದ್ದೆ. ಇಷ್ಟು ವರ್ಷ ಒಂದು ಮೈದಾನದಲ್ಲೂ ನಿನ್ನ ಕಾಲು ನಿಂತಿದ್ದು ನಾನು ಕಂಡಿಲ್ಲ. ನೋಡಿದ ಕೂಡಲೇ ಗೊತ್ತಾಗಿಹೋಯ್ತು, ಗೋಲು ಅಂತ."

ಡೆರಿಕ್‌ನ ಮುಖ ಬಿಳಿಚಿತು. ಇಷ್ಟೆಲ್ಲ ವ್ರತ ಹಿಡಿದು ಕೊನೆಗೆ ತಾನೇ ಕೆಡಿಸಿದೆನೆಂದು ಅವನಿಗೆ ಅನಿಸಿರಬೇಕು.

"ಹಂಗಾದ್ರೆ ನಾನೇ ಬಾಯಿಬಿಟ್ಟು ಹೇಳ್ದಂಗೇ ಆಯ್ತಲ್ಲ."

"ಹೌದು, ಹೇಳ್ದೆ," ಎಂದಳು ಬೆಥನಿ. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆದ್ರೆ ರೆಫರಿಯಾಗಿ ನಾನು ಅದನ್ನ ಹೇಗಪ್ಪ ತಗೊಳ್ಳಲಿ? ಹೇಳಿದ್ದು ನೀನು."