ಸದ್ದಿಲ್ಲದ ಜೇಬು

ಹ್ಯೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅರವತ್ತೆಂಟು ವಯಸ್ಸು, ಐದಡಿಗೆ ಒಂದಿಂಚು ಕಡಿಮೆ. ತೀರಿಹೋದ ಗಂಡನಿಂದ ಆಕೆಗೆ ಉಳಿದದ್ದು ಆಸ್ಟಿನ್‌ನಾಚೆಯ ಗುಡ್ಡಗಾಡಿನಲ್ಲಿ ಜಿಂಕೆ ಬೇಟೆಗೆಂದು ಗುತ್ತಿಗೆ ಹಿಡಿದಿದ್ದ ಒಂದು ಜಾಗ, ಮತ್ತು ಅವನ ಬೇಟೆಯ ಬಟ್ಟೆ. ಅವನು ಆರಡಿ ಮೂರಿಂಚಿದ್ದ.

“ಹೆಂಗಸರ ಅಳತೆಯ ಬಟ್ಟೆ ಸಿಗೋದಿಲ್ಲವಾ?” ಎಂದು ಕೇಳಿದ್ದೆ.

“ಸಿಗುತ್ತೆ. ಗಂಡಸರದ್ದೇ, ಚೀಟಿ ಮಾತ್ರ ಬೇರೆ,” ಎಂದಳು.

ನಾನು ಆಫೀಸಿನಿಂದ ಬರುವವರೆಗೆ ನನ್ನ ಮಗಳನ್ನು ನೋಡಿಕೊಳ್ಳುತ್ತಿದ್ದವಳು ಆಕೆಯೇ. ದೂರದ ಡ್ರೈವ್ ಆಕೆಗೆ ಕಷ್ಟವಾಗತೊಡಗಿದಾಗ, ಆ ಋಣಕ್ಕೆ, ಮೊಟ್ಟೆಯನ್ನೂ ಮುಟ್ಟದ ನಾನು ನವೆಂಬರಿನಲ್ಲಿ ಆಕೆಯನ್ನು ಬೇಟೆಗೆ ಕರೆದುಕೊಂಡು ಹೋದೆ. ಬೇಟೆಗಾರರು ಅಡಗಿ ಕೂರುವ ಹಲಗೆಯ ಒಂದು ಗೂಡಿನಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಆಕೆ ಕಾಫಿ ಕುಡಿದಿರಲಿಲ್ಲ. ಮೂತ್ರಕ್ಕೆ ಹೋಗಬೇಕೆಂದರೆ ಕೋಟು, ಹೆಗಲಿಗೆ ಪಟ್ಟಿಯಿದ್ದ ಪ್ಯಾಂಟು, ಒಳಗಿನ ಉಣ್ಣೆ ಎಲ್ಲವನ್ನೂ ಚಳಿಯಲ್ಲಿ ಕಳಚಬೇಕಿತ್ತು. ಮುಂದುಗಡೆ ಒಂದು ಜಿಪ್ ಇಟ್ಟು ಹೊಲಿದವರು ತಮ್ಮ ಕೆಲಸ ಮುಗಿಯಿತೆಂದುಕೊಂಡಿದ್ದರು.

ಬೆಳಕು ಹರಿಯುತ್ತಲೇ ಜಿಂಕೆಯೊಂದು ಬಂತು. ಕನ್ನಡಕಕ್ಕೆ ಮಂಜು ಹಿಡಿಯುತ್ತದೆಂದು ಆಕೆ ಅದನ್ನು ಜೇಬಿನಲ್ಲಿಟ್ಟಿದ್ದಳು. ಜೇಬಿನ ವೆಲ್ಕ್ರೋ ಅಂಟುಪಟ್ಟಿ ಎಳೆದಳು. ಚರ್ರ್! ಜಿಂಕೆ ತಲೆ ಎತ್ತಿತು, ಮರುಕ್ಷಣ ಇರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಆಕೆಯ ಮುಖ ನೋಡಿ ನಾಚಿಕೆಯೂ ಆಯಿತು.

ಆಕೆ ಬಟ್ಟೆಯ ಕಂಪನಿಗೂ ಒಂದು ಬೇಟೆ ಪತ್ರಿಕೆಗೂ ಅಚ್ಚುಕಟ್ಟಾಗಿ ಪತ್ರ ಬರೆದಳು. ಎಂಥ ಬಿರುಗಾಳಿಗೂ ಬಿಚ್ಚದಂತೆ ಆ ಪಟ್ಟಿಯನ್ನು ಪರೀಕ್ಷಿಸಲಾಗಿದೆ ಎಂದು ಕಂಪನಿ ಉತ್ತರಿಸಿತು. ಜಿಂಕೆಯನ್ನು ಯಾರೂ ಕೇಳಿದಂತಿರಲಿಲ್ಲ. ಪತ್ರಿಕೆಯ ಉತ್ತರ “ಪ್ರಿಯ ಸರ್” ಎಂದು ಶುರುವಾಗಿ, ನಿಮ್ಮ ಪತ್ನಿಗೆ ಈ ವರ್ಷ ಗುಲಾಬಿ ಬಣ್ಣದ ಟೋಪಿ ಬಂದಿದೆ ಎಂದು ಮುಗಿದಿತ್ತು.

ಮರುವರ್ಷ ಅಕ್ಟೋಬರಿನಲ್ಲಿ ನನ್ನ ಅತ್ತೆ ಹುಬ್ಬಳ್ಳಿಯಿಂದ ಆರು ತಿಂಗಳಿಗೆ ಬಂದರು. ಅಲ್ಲಿ ಇಪ್ಪತ್ತು ವರ್ಷ ಹೊಲಿಗೆ ಕ್ಲಾಸು ನಡೆಸಿದವರು. ಪಕ್ಕದ ಮನೆಯಾಕೆ ವರಾಂಡದಲ್ಲಿ ಕೂತು ಗಂಡನ ಪ್ಯಾಂಟನ್ನು ಮೊಟಕು ಮಾಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

“ಅದೇನ್ ಹೊಲೀಲಿಕ್ಕತ್ತಾಳೋ ಗೋಣಿಚೀಲ ಹೊಲದಂಗ,” ಎಂದು ಎದ್ದೇಬಿಟ್ಟರು.

ಆಕೆಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ನಡುವೆ ನಾನು. ಅಳತೆ ತೆಗೆಯುತ್ತಾ ಅತ್ತೆ ಕೇಳಿದರು, “ಇದನ್ ಹಾಕ್ಕೊಂಡು ಏನ್ ಮಾಡ್ತಾಳ?”

“ಬೆಳಗಿನ ಜಾವ ಕಾಡಲ್ಲಿ ಕೂತಿರ್ತಾರೆ ಅತ್ತೆ, ಅಲ್ಲಾಡದೆ.”

“ತಪಸ್ಸೇನು?”

“ಜಿಂಕೆ ನೋಡೋಕೆ,” ಎಂದೆ. ಅರ್ಧ ನಿಜ.

ಅತ್ತೆ ಸಂಭ್ರಮದಿಂದ ಹೊಸ ಪ್ಯಾಂಟೊಂದನ್ನು ಹೊಲಿದರು. ಸರಬರ ಎನ್ನದ ಮೆತ್ತನೆಯ ಹತ್ತಿ ಬಟ್ಟೆ, ಜೇಬಿಗೆ ಅಂಟುಪಟ್ಟಿಯ ಬದಲು ಗುಂಡಿ, ಸೊಂಟಕ್ಕೆ ಲಾಡಿ. ಮೂತ್ರಕ್ಕೆ ಕೂತರೆ ಏನನ್ನೂ ಕಳಚದೆ ತೆರೆಯುವ ಹಾಗೆ ಹಿಂದುಗಡೆ ಒಂದು ಮಡಿಕೆ. ಕೂರಲು ಹಳೆಯ ಸೀರೆಗಳದೊಂದು ಪುಟ್ಟ ಕೌದಿ. ಆಕೆ ಆ ಪ್ಯಾಂಟನ್ನು ಹಾಕಿಕೊಂಡು ನಮ್ಮ ಹಾಲಿನಲ್ಲಿ ಕೂತಳು, ಎದ್ದಳು, ಬಗ್ಗಿದಳು. ಒಂದಿಷ್ಟೂ ಸದ್ದಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಅತ್ತೆಯನ್ನು ತಬ್ಬಿಕೊಂಡಳು.

ಡಿಸೆಂಬರಿನಲ್ಲಿ ಆಕೆ ಬಿಳಿ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಪೊಟ್ಟಣ ಹಿಡಿದು ಬಂದಳು. ನನಗಿಂತ ಮೊದಲು ಅತ್ತೆ ಬಾಗಿಲು ತೆರೆದರು. ಪೊಟ್ಟಣದಲ್ಲೇನೆಂದು ತಿಳಿಸಲು ಆಕೆ ತಲೆಯ ಮೇಲೆ ಎರಡು ಕೈ ಇಟ್ಟು ಕೊಂಬು ತೋರಿಸಿದಳು. ಆಮೇಲೆ ಒಂದು ಕಣ್ಣು ಮುಚ್ಚಿ ಗುರಿ ಹಿಡಿದಳು. ನನ್ನ ಅನುವಾದದ ಅಗತ್ಯವೇ ಬೀಳಲಿಲ್ಲ.

ಮನೆಯಲ್ಲಿ ಮಾಂಸ ಒಲ್ಲದಿರುವುದು ನಾನು ಮಾತ್ರ ಎಂದು ಆಕೆ ತಿಳಿದಿದ್ದಳು. ಅತ್ತೆ ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಹೇಳಿದರು, “ನೋಡ್ಲಿಕ್ಕೆ ಅಂದಿದ್ದಿ ಅಲ್ಲವಾ?”

“ಗೊತ್ತಾದ್ರೆ ನೀವು ಹೊಲಿಯಲ್ಲ ಅಂತೀರೇನೋ ಅಂದ್ಕೊಂಡೆ.”

“ಹೊಲೀತಿದ್ದಿಲ್ಲ. ಆದ್ರ ಒಲ್ಲೆ ಅನ್ನೂದು ನನಗ ಬಿಟ್ಟದ್ದಿತ್ತು. ಅದನ್ನ ನೀ ಕಸಗೊಂಡಿ.”

ಪಕ್ಕದ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಎರಡೂ ಕೈಯಲ್ಲಿ ಹಿಡಿದು ತಂದು ಅತ್ತೆಯ ಮುಂದಿಟ್ಟಳು. “ಇವರಿಗೆ ಬೇಡವೆಂದರೆ ನಾನು ಇದನ್ನು ಹಾಕುವುದಿಲ್ಲ,” ಎಂದಳು.

ಅತ್ತೆ ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದರು. ಬಿಚ್ಚಿಹಾಕುತ್ತಾರೆಂದುಕೊಂಡೆ. ಮೊಣಕಾಲಿನ ಬಳಿ ಹೊಲಿಗೆ ಬಿಟ್ಟಿತ್ತು. ಸೂಜಿ ತೆಗೆದುಕೊಂಡು ಅದನ್ನು ಸರಿಮಾಡಿದರು.

“ನನ್ನ ಕೈ ಹೊಲಿಗಿ ಹರಕೊಂಡು ತಿರುಗಬಾರದು. ಆದ್ರ ಇನ್ನೊಂದು ಹೊಲದು ಕೊಡಂಗಿಲ್ಲ ಅಂತ ಹೇಳು.”

ಈ ಸಲ ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದೆ.

ಆದರೆ ಆ ವರ್ಷ ಆಕೆಯನ್ನು ಬೇಟೆಗೆ ಕರೆದುಕೊಂಡು ಹೋಗಿದ್ದ ಮೂವರು ಹೆಂಗಸರು ಆ ಪ್ಯಾಂಟನ್ನು ನೋಡಿಬಿಟ್ಟಿದ್ದರು. ಹೊಲಿದುಕೊಡದಿದ್ದರೆ ಬೇಡ, ಕಲಿಸುತ್ತೀರಾ ಎಂದು ಕೇಳಿ ಕಳಿಸಿದರು. ಅತ್ತೆ ಎರಡು ದಿನ ಯೋಚಿಸಿದರು. “ಪೈಜಾಮ ಹೊಲಿಯೂದು ಕಲಸ್ತೀನಿ. ಅದನ್ನ ಹಾಕ್ಕೊಂಡು ಎಲ್ಲಿಗೆ ಹೋಗ್ತಾರೋ ಅದು ಅವರಿಗೆ ಬಿಟ್ಟದ್ದು,” ಎಂದರು. ಅಂದಿನಿಂದ ಪ್ರತಿ ಶನಿವಾರ ಹ್ಯೂಸ್ಟನ್‌ನಿಂದ ಮೂವರು, ಪಕ್ಕದ ಮನೆಯಿಂದ ಒಬ್ಬಳು, ನಮ್ಮ ಡೈನಿಂಗ್ ಟೇಬಲ್ಲಿನ ಸುತ್ತ ಕೂತು ಗುಂಡಿಗೆ ಕಾಜಾ ಮಾಡುವುದನ್ನು ಕಲಿತರು. ಕಾಜಾ ಸೊಟ್ಟಗಾದರೆ ಅತ್ತೆ ನಿರ್ದಯವಾಗಿ ಬಿಚ್ಚಿಸುತ್ತಿದ್ದರು. ಬಂದೂಕಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಚಹಾ, ಚುರುಮುರಿ ಒದಗಿಸುತ್ತಿದ್ದೆ.

ಮಾರ್ಚಿನಲ್ಲಿ, ಅತ್ತೆ ಹೊರಡಲು ಎರಡು ವಾರವಿತ್ತು. ಒಂದು ಬೆಳಿಗ್ಗೆ ಅವರು ಅಡುಗೆಮನೆಯ ಕಿಟಕಿಯಿಂದ ಕೂಗಿಕೊಂಡರು. ಹಿತ್ತಲಲ್ಲಿ ಅವರು ಬೆಳೆಸಿದ್ದ ಮೆಂತ್ಯದ ಮಡಿಯಲ್ಲಿ ಮೂರು ಜಿಂಕೆಗಳು ನೆಮ್ಮದಿಯಾಗಿ ಮೇಯುತ್ತಿದ್ದವು. ಅರ್ಧ ಮಡಿ ಆಗಲೇ ಖಾಲಿ.

“ಆಕಿನ್ನ ಕರಿ!” ಎಂದರು ಅತ್ತೆ.

ನಾನು ಅವರ ಮುಖವನ್ನೇ ನೋಡಿದೆ.

“ಬರೇ ಹೆದರಿಸ್ಲಿಕ್ಕೆ,” ಎಂದರು.

ಪಕ್ಕದ ಮನೆಯಾಕೆ ರಾತ್ರಿಯುಡುಪಿನಲ್ಲೇ ಓಡಿಬಂದು ಚಪ್ಪಾಳೆ ತಟ್ಟಿದಳು. ಅತ್ತೆ ಸೆರಗು ಬೀಸಿದರು. ಜಿಂಕೆಗಳು ಬೇಲಿ ಹಾರಿದವು. ಉಳಿದ ಸೊಪ್ಪನ್ನು ಇಬ್ಬರೂ ಕೂತು ಬಿಡಿಸಿದರು. ಒಂದು ಹೊತ್ತಿನ ಪಲ್ಯಕ್ಕೆ ಸಾಕಾಯಿತು.