ಬೆಲ್ಲ ಹಾಕುವ ಹೊತ್ತು

ಇಚಲಕರಂಜಿಯಲ್ಲಿ ವಾರಕ್ಕೊಂದು ದಿನ ಮಗ್ಗಗಳು ನಿಲ್ಲುತ್ತಿದ್ದವು. ಆ ದಿನ ಊರಿಗೆ ಊರೇ ಬೇರೆಯಾಗಿಬಿಡುತ್ತಿತ್ತು. ಸಾಲು ಕೋಣೆಗಳ ನಮ್ಮ ಚಾಳಕ್ಕೂ ಮಗ್ಗದ ಕಾರಖಾನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಉಳಿದ ದಿನಗಳಲ್ಲಿ ಆ ಗೋಡೆಗೆ ಒರಗಿದರೆ ಬೆನ್ನು ನಡುಗುತ್ತಿತ್ತು. ಗೂಡಿನಲ್ಲಿಟ್ಟ ಲೋಟಗಳು ತಮ್ಮಷ್ಟಕ್ಕೆ ತಾವೇ ಕಿಣಿಕಿಣಿ ಎನ್ನುತ್ತಿದ್ದವು. ಸೂಟಿಯ ದಿನ ಅಂಗಳದ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುವುದನ್ನು ನೋಡುತ್ತ ಕೂತರೆ ಹೊಳೆಯ ತಳದಲ್ಲಿ ಕೂತ ಹಾಗಿರುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳವು. ಈಗಲೂ ಕಣ್ಣು ಮುಚ್ಚಿದರೆ ಆ ಎಳೆಗಳು ಕಾಣುತ್ತವೆ.

ಅಂಥದೊಂದು ಸೂಟಿಯ ದಿನ ನನ್ನ ಗೆಳತಿ ಬಂದಳು.

ನನ್ನ ತವರೂರು ನೂಲದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಬೇವಿನ ಗಿಡ. ಹಿರಣ್ಯಕೇಶಿ ಹೊಳೆಯಲ್ಲಿ ಕೂಡಿ ಬಟ್ಟೆ ಒಗೆದು, ಒಂದೇ ಬಂಡೆಯ ಮೇಲೆ ಒಣಹಾಕಿ, ಅವು ಒಣಗುವ ತನಕ ಮಾತಾಡಿ ಬೆಳೆದವರು ನಾವು. ಬಟ್ಟೆ ಒಣಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ, ಅದಕ್ಕೆ ಇಬ್ಬರ ಅವ್ವಂದಿರಿಂದಲೂ ಬೈಸಿಕೊಳ್ಳುತ್ತಿದ್ದೆವು. ಆಮೇಲೆ ನನ್ನನ್ನು ಇಚಲಕರಂಜಿಯ ಮಗ್ಗದವರ ಮನೆಗೆ ಕೊಟ್ಟರು, ಅವಳನ್ನು ಗಡಹಿಂಗ್ಲಜದ ಕಡೆಯ ಕುರಿ ಸಾಕುವವರ ಮನೆಗೆ. ವರ್ಷಕ್ಕೊಮ್ಮೆ ನಾನು ತವರಿಗೆ ಹೋದಾಗ ಗಡಹಿಂಗ್ಲಜದ ಸಂತೆಯಲ್ಲಿ ಸಿಗುತ್ತಿದ್ದಳು. ಸಂತೆಯಲ್ಲಿ ಎಷ್ಟು ಮಾತಾಡಲಾದೀತು? ಬದನೆಕಾಯಿ ಆರಿಸುವಷ್ಟು ಹೊತ್ತು, ಅಷ್ಟೇ.

ಈ ಸಲ ಅವಳು ಬಂದದ್ದಕ್ಕೆ ಕಾರಣವಿತ್ತು. ನಮ್ಮ ಪಕ್ಕದ ಖೋಲಿ ಖಾಲಿಯಾಗಿತ್ತು. ಕಾರಖಾನೆಗೆ ಒಬ್ಬ ಆಳು ಬೇಕಾಗಿದ್ದ. ನಾನು ಗಂಡನ ಬೆನ್ನು ಹತ್ತಿ, ಅವರು ಮಾಲಕನ ಬೆನ್ನು ಹತ್ತಿ, ಎರಡನ್ನೂ ಅವಳ ಸಂಸಾರಕ್ಕಾಗಿ ಹಿಡಿದಿಟ್ಟಿದ್ದೆವು. ಅವಳ ಗಂಡನಿಗೂ ಕುರಿಗಳ ಹಿಂದೆ ಊರೂರು ಅಲೆದು ಸಾಕಾಗಿತ್ತು. “ನೀ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ಕುರಿ ಮಾರೂದು, ಒಲ್ಲೆ ಅಂದ್ರ ಇಲ್ಲ” ಎಂದು ಹೇಳಿ ಕಳಿಸಿದ್ದನಂತೆ.

ನನಗೆ ಅವಳು ಬೇಕಾಗಿದ್ದಳು. ಚಾಳದಲ್ಲಿ ಮಾತಿಗೇನೂ ಬರವಿರಲಿಲ್ಲ. ಮರಾಠಿ ನಾಲಿಗೆಗೆ ಹತ್ತಿತ್ತು, ನಳದ ಹತ್ತಿರ ಜಗಳವಾಡುವಷ್ಟು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಬೇವಿನ ಗಿಡದ ನೆರಳು ಸಂಜೆ ಯಾರ ಅಂಗಳಕ್ಕೆ ಬೀಳುತ್ತಿತ್ತು ಎಂದು ಕೇಳಿದರೆ ಹೇಳುವವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಬಂದವಳ ತಲೆಯ ಮೇಲೆ ಗಂಟು, ಕೈಯಲ್ಲಿ ತುಪ್ಪದ ಗಡಿಗೆ. “ಕೊಲ್ಲಾಪುರದಾಗ ಗಾಡಿ ಬದಲಿ ಮಾಡಿದೆ. ಸ್ಟ್ಯಾಂಡಿನಾಗ ನಿಂತ ಮಹಾಲಕ್ಷ್ಮಿಗಿ ಕೈಮುಗದ ಬಂದೇನಿ” ಎಂದಳು. ನಾನು ಸಂತೋಷದಲ್ಲಿ ಏನೇನೋ ಕೇಳಿದೆ. ಅವಳು ಕಿವಿ ಮುಚ್ಚಿಕೊಂಡು ನಕ್ಕಳು. “ಯಾಕಬೇ, ನಾ ಏನ ಗುಡ್ಡದ ಮ್ಯಾಲ ನಿಂತೇನೇನ, ಹಿಂಗ ಒದರತಿ?”

ಮಗ್ಗದ ಊರಿನ ದನಿ ಅದು. ಮಗ್ಗ ನಿಂತರೂ ಇಳಿಯುತ್ತಿರಲಿಲ್ಲ.

ಗಂಟಿನಲ್ಲಿದ್ದದ್ದು ಜವೆಗೋಧಿ. ನೂಲದಲ್ಲಿ ಅವಳ ಅವ್ವ ಮಾಡುತ್ತಿದ್ದ ಗೋಧಿ-ಬೆಲ್ಲದ ಹುಗ್ಗಿಯನ್ನು ನಾನು ಇಲ್ಲಿ ಎಷ್ಟೋ ಸಲ ಮಾಡಿ ಕೆಡಿಸಿದ್ದೆ. ಪ್ರತಿ ಸಲ ಕಾಳು ಕಟಕಟ ಹಲ್ಲಿಗೆ ಸಿಗುತ್ತಿತ್ತು. “ಈ ಸರ್ತಿ ಕಲಿಸೇ ಹೋಗತೇನಿ” ಎಂದು ಸೆರಗು ಬಿಗಿದಳು. ಗೋಧಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಸ್ವಲ್ಪ ಹೊತ್ತು ಬಿಟ್ಟು, ಚಾಳದ ಅಂಗಳದ ಒರಳಿಗೆ ಸುರಿದೆವು. ಎರಡು ಒನಕೆ ಹಿಡಿದು ಒಬ್ಬರಾದ ಮೇಲೊಬ್ಬರು ಕುಟ್ಟಿದೆವು. ಊರೆಲ್ಲ ಸುಮ್ಮನಿದ್ದ ಆ ಮಧ್ಯಾಹ್ನ ಧಪ್ ಧಪ್ ಎನ್ನುವ ಆ ಸಪ್ಪಳವೊಂದೇ. ಯಾವ ಊರಿನಲ್ಲಿದ್ದೇನೆ, ಯಾವ ವಯಸ್ಸಿನವಳಿದ್ದೇನೆ ಎಂಬುದು ನನಗೆ ಮರೆತೇ ಹೋಯಿತು.

ಕುಟ್ಟುತ್ತ ಎಲ್ಲ ಮಾತೂ ಬಂದವು. ಅವಳ ಅತ್ತೆಯ ಮಂಡಿನೋವು, ನನ್ನ ನಾದಿನಿಯ ಬಾಯಿ, ಹೊಳೆಯ ಬಂಡೆ ಮಳೆಗಾಲದಲ್ಲಿ ಅಷ್ಟು ದೂರ ಸರಿದದ್ದು. ನಡುನಡುವೆ ನಾನು ಖೋಲಿಯ ವಿಷಯ ತೆಗೆಯುತ್ತಿದ್ದೆ. ಕಿಟಕಿ ಮೂಡಣಕ್ಕಿದೆ, ನಳ ಬಾಗಿಲಲ್ಲೇ ಇದೆ, ನಿನ್ನ ಒಲೆ ನನ್ನ ಒಲೆ ಬೆನ್ನಿಗೆ ಬೆನ್ನು. ಅವಳು ಹೂಂ ಎನ್ನುತ್ತಿದ್ದಳು, ಒನಕೆ ಎತ್ತುತ್ತಿದ್ದಳು.

ಎದುರು ಕಟ್ಟೆಯ ಮೇಲೆ ಇಬ್ಬರು ನೇಕಾರರು ಕೂತು ದನಿಯೇ ಇಲ್ಲದೆ ಬಾಯಿ ಆಡಿಸಿ ನಗುತ್ತಿದ್ದರು. “ಪಾಪ, ಮೂಕರೇನ?” ಎಂದು ಕೇಳಿದಳು.

“ಮೂಕರಲ್ಲ ಬೇ, ಮಗ್ಗದವರು. ಒಳಗ ಏನೂ ಕೇಳಂಗಿಲ್ಲ, ತುಟಿ ನೋಡೇ ಮಾತು ತಿಳಕೋಬೇಕು. ಸೂಟಿ ದಿನಾನೂ ಚಾಳಿ ಬಿಡಂಗಿಲ್ಲ. ನಾನೂ ಕಂಡಿಕಿಗಿ ದಾರ ಸುತ್ತಾಕ ಹೋಗಿ ಕಲತೇನಿ.”

ಅವಳಿಗೆ ನಂಬಿಕೆ ಬರಲಿಲ್ಲ. ದನಿ ಬಿಡದೆ ಏನೋ ಅಂದಳು. ನಾನು ಅವಳ ತೋಳು ಚಿವುಟಿದೆ. ಏಕೆಂದರೆ ಅವಳು ಅಂದದ್ದು, “ನೀ ಭಾಳ ದಪ್ಪ ಆಗೀದಿ” ಎಂದು. ಇಬ್ಬರೂ ಒರಳು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆವು.

ತೌಡು ಕೇರಿ, ಗೋಧಿ ತೊಳೆದು ನೆನೆಹಾಕಿ, ಸಂಜೆ ಬಾಗಿಲಲ್ಲಿ ಕೂತೆವು. ಅವಳು ತನ್ನ ಹಟ್ಟಿಯ ಸಂಜೆಯ ಬಗ್ಗೆ ಹೇಳಿದಳು. ಕುರಿಗಳು ಮೇದು ಬಂದಾಗ ಮರಿಗಳನ್ನು ಬಿಡುತ್ತಾರೆ. ಅಷ್ಟೂ ತಾಯಿಗಳು, ಅಷ್ಟೂ ಮರಿಗಳು ಒಮ್ಮೆಲೇ ಕೂಗುತ್ತವೆ. “ಆ ಗದ್ದಲದಾಗ ಒಂದ ಮರಿನೂ ತಪ್ಪಂಗಿಲ್ಲ ನೋಡ. ದನಿ ಹಿಡದ ಹೋಗಿ ತನ್ನ ಅವ್ವನ್ನ ಸೇರತೈತಿ. ನನಗೂ ಈಗ ದನಿ ಮ್ಯಾಲೇ ಗುರತ ಹತ್ತತೈತಿ, ಯಾವುದು ಯಾರ ಮರಿ ಅಂತ.” ಹೇಳುವಾಗ ಅವಳ ಮುಖ ಬೆಳಗಿತ್ತು. ನಾನು ಆ ಮುಖವನ್ನು ಸರಿಯಾಗಿ ನೋಡಲಿಲ್ಲ. ಖೋಲಿಗೆ ಯಾವ ಬಣ್ಣ ಹೊಡೆಸುವುದು ಎಂದು ಯೋಚಿಸುತ್ತಿದ್ದೆ.

ಬೆಳಗಾಗುತ್ತಲೇ ಒಲೆಯ ಮೇಲೆ ಗೋಧಿ ಇಟ್ಟೆವು. ಬೇಕಾದಷ್ಟು ನೀರು, ಹದಕ್ಕೆಂದು ಒಂದು ಹಿಡಿ ಅಕ್ಕಿ. ನಾನು ಬೆಲ್ಲದ ಡಬ್ಬಿ ತೆಗೆದದ್ದೇ ತಡ, ಕೈ ಹಿಡಿದಳು. “ನಿನ್ನ ಹುಗ್ಗಿ ಕೆಡೂದು ಇದಕ್ಕ ನೋಡ. ಬೆಲ್ಲ ಬಿದ್ದ ಮ್ಯಾಲ ಗೋಧಿ ಬೇಯಂಗಿಲ್ಲ. ಕಾಳ ಒಡದ, ಎರಡ ಬೆರಳಿನಾಗ ಹಿಚುಕಿದ್ರ ಬೆಣ್ಣಿ ಆಗಬೇಕ. ಸೌಟಿನ ಬೆನ್ನಲೆ ಅರೀಬೇಕ. ಆಮ್ಯಾಲ ಬೆಲ್ಲ.”

“ಎಷ್ಟೊತ್ತ ಕುದಿಬೇಕ?”

“ನಿನ್ನ ಮಾತ ಮುಗಿಯೂತನ.”

ಆಗಲೇ ಮಗ್ಗಗಳು ಶುರುವಾದದ್ದು. ಒಂದು, ಎರಡು, ಆಮೇಲೆ ಎಲ್ಲ. ಲೋಟಗಳು ಕಿಣಿಗುಟ್ಟಿದವು. ಗೆಳತಿ ಬೆಚ್ಚಿ ಎದ್ದು ನಿಂತು ಗೋಡೆ ನೋಡಿದಳು, ನನ್ನನ್ನು ನೋಡಿದಳು. ಅವಳೇನೋ ಕೇಳಿದಳು, ಮಾತು ಅವಳ ಕಿವಿಗೇ ಬೀಳಲಿಲ್ಲವೇನೋ, ಅರ್ಧಕ್ಕೇ ನಿಲ್ಲಿಸಿದಳು. ನಾನು ರೂಢಿಯಾಗುತ್ತದೆ ಎಂದು ಕೈಸನ್ನೆ ಮಾಡಿ ಸೌಟು ತಿರುವುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಅವಳು ದೇವರ ಗೂಡಿನ ಮುಂದೆ ನಿಂತಳು. ಅಲ್ಲಿ ಕೊಲ್ಲಾಪುರದ ಮಹಾಲಕ್ಷ್ಮಿಯ ಪಟವಿತ್ತು. ಮೂಡಣ ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಕೈ ಮುಗಿದು, ಅರ್ಧ ನನ್ನ ಕಡೆಗೇ ತಿರುಗಿ, ನಿಧಾನವಾಗಿ ತುಟಿ ಆಡಿಸಿದಳು.

“ಅವ್ವಾ, ಈ ಸಪ್ಪಳದಾಗ ನಾ ಬದುಕಂಗಿಲ್ಲ. ಇಕಿ ಮನಸ ಮುರೀದಂಗ ಒಲ್ಲೆ ಅನ್ನೂದ ಹೆಂಗ, ನೀನ ಒಂದ ದಾರಿ ತೋರಸು.”

ನನ್ನ ಕೈ ನಿಂತಿತು. ಮೊದಲು ಬಂದದ್ದು ಸಿಟ್ಟೇ. ಇಷ್ಟೆಲ್ಲ ಮಾಡಿದ್ದೇನೆ, ನಾನು ಬದುಕುತ್ತಿಲ್ಲವೇ ಇಲ್ಲಿ? ಆಮೇಲೆ ನಿನ್ನೆ ಸಂಜೆಯ ಆ ಮುಖ ಕಣ್ಣಿಗೆ ಬಂತು. ತಾಯಿಯ ದನಿ ಹಿಡಿದು ಹೋಗುವ ಮರಿಗಳು ಬಂದವು. ಈ ಗೋಡೆಯ ಪಕ್ಕ ಯಾವ ದನಿ ಹಿಡಿದು ಹೋದಾಳು ಇವಳು? ನಿನ್ನೆಯೆಲ್ಲ ನಾನು ಮಾಡಿದ್ದೂ ಅದೇ, ಬೇಯುವ ಮೊದಲೇ ಬೆಲ್ಲ ಸುರಿದದ್ದು.

ಗೋಧಿ ಒಡೆದಿತ್ತು. ಬೆರಳಲ್ಲಿ ಹಿಚುಕಿ ತೋರಿಸಿದೆ, ಅವಳು ತಲೆಯಾಡಿಸಿದಳು. ಬೆಲ್ಲ ಹಾಕಿದೆವು, ಹುರಿದ ಗಸಗಸೆ, ಒಣ ಕೊಬ್ಬರಿ, ಏಲಕ್ಕಿ, ಚೂರು ಶುಂಠಿ. ಅವಳು ತಂದ ತುಪ್ಪ ಹಾಕಿ ಬಡಿಸಿದೆ. ಅವಳು ತುತ್ತು ಎತ್ತುವ ಮೊದಲೇ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, “ಒಂದ ಮಾತ ಹೇಳೂದ ಮರತಿದ್ದೆ. ಆ ಖೋಲಿ ಬ್ಯಾರೇದವರಿಗಿ ಹೋತಬೇ. ಮಾಲಕ ತನ್ನ ಮಂದಿಗಿ ಕೊಟ್ಟನಂತ. ಸಿಟ್ಟಾಗಬ್ಯಾಡ.”

ಅವಳು ನನ್ನನ್ನೇ ನೋಡಿದಳು. ಆಮೇಲೆ ತನ್ನ ತಾಟಿನ ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು.

ಮಧ್ಯಾಹ್ನ ಅವಳನ್ನು ಸ್ಟ್ಯಾಂಡಿಗೆ ಕರೆದೊಯ್ದೆ. ಡಬ್ಬಿಯ ತುಂಬ ಹುಗ್ಗಿ ಕಟ್ಟಿಕೊಟ್ಟಿದ್ದೆ. ದಾರಿಯಲ್ಲಿ ಖೋಲಿಯ ಮಾತು ಇಬ್ಬರೂ ಎತ್ತಲಿಲ್ಲ. ಕೊಲ್ಲಾಪುರದ ಗಾಡಿ ಗರ್ ಎಂದು ಶುರುವಾಗಿ ಮೈಯೆಲ್ಲ ನಡುಗಿಸಿತು. ಕಿಟಕಿಯಿಂದ ಮುಖ ಹೊರಗೆ ಹಾಕಿದಳು. ಏನೂ ಕೂಗಲಿಲ್ಲ, ತುಟಿ ಮಾತ್ರ ಆಡಿಸಿದಳು, ನಿಧಾನವಾಗಿ, ಬೆಳಿಗ್ಗೆ ದೇವರ ಮುಂದೆ ಆಡಿಸಿದ ಹಾಗೆಯೇ.

“ಮುಂಜಾನೆ ನನ್ನ ತುಟಿ ಓದಿದಿ ಅಲ್ಲಾ?”

ಆಗ ತಿಳಿಯಿತು ನನಗೆ, ಅವಳು ಬೇಡಿಕೊಂಡದ್ದು ಗೂಡಿನ ದೇವಿಯನ್ನಲ್ಲ.

ನಾನು ತಲೆಯಾಡಿಸಿದೆ. ನಾನೂ ತುಟಿ ಆಡಿಸಿ ಹೇಳಿದೆ, “ಖೋಲಿ ಖಾಲಿ ಐತಿ.” ಅವಳಿಗೆ ತುಟಿ ಓದಲು ಎಲ್ಲಿ ಬರಬೇಕು? ಆದರೂ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಗಾಡಿ ಹೊರಟಿತು.

ಮನೆಗೆ ಬಂದು, ಪಾತ್ರೆಯ ತಳದಲ್ಲಿ ಉಳಿದ ಹುಗ್ಗಿಯನ್ನು ಗೋಡೆಗೆ ಒರಗಿ ಕೂತು ತಿಂದೆ. ಒಂದು ಕಾಳೂ ಹಲ್ಲಿಗೆ ಸಿಗಲಿಲ್ಲ. ಬೆನ್ನ ಹಿಂದೆ ಮಗ್ಗಗಳು ಬಡಿಯುತ್ತಿದ್ದವು, ನಾನು ಬಾಯಿಬಿಟ್ಟು ಅತ್ತದ್ದು ಚಾಳದಲ್ಲಿ ಯಾರಿಗೂ ಕೇಳಲಿಲ್ಲ.